ಬರ್ಲಿನ್ನಿಗೆ ಹೋಗದ ಪಿಟೀಲು

1933ರ ಬೇಸಿಗೆಯಲ್ಲಿ ಪೋಲೆಂಡಿನ ಪಿಟೀಲು ವಾದಕ ಬ್ರೊನಿಸ್ವಾವ್ ಹೂಬರ್‌ಮನ್ ಅವರಿಗೆ ಬರ್ಲಿನ್ನಿನಿಂದ ಒಂದು ಆಹ್ವಾನ ಬಂತು. ಕಳಿಸಿದವರು ಬರ್ಲಿನ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ನಿರ್ದೇಶಕ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಮುಂದಿನ ಹಂಗಾಮಿನ ಕಚೇರಿಯಲ್ಲಿ ತಮ್ಮೊಂದಿಗೆ ನುಡಿಸಬೇಕೆಂಬುದು ಅವರ ಕೋರಿಕೆ. ಹಿಟ್ಲರ್ ಅಧಿಕಾರ ಹಿಡಿದು ಆಗಿನ್ನೂ ಅರ್ಧ ವರ್ಷವಾಗಿತ್ತು. ವಾದ್ಯವೃಂದಗಳಿಂದ, ಒಪೆರಾ ಮಂದಿರಗಳಿಂದ, ಸಂಗೀತ ಶಾಲೆಗಳಿಂದ ಯಹೂದಿಗಳನ್ನು ಹೊರದಬ್ಬುವ ಕೆಲಸ ಭರದಿಂದ ಸಾಗಿತ್ತು. ಹೂಬರ್‌ಮನ್ ಯಹೂದಿ. ಆದರೂ ಅವರನ್ನು ಕರೆದರು. ಸಂಗೀತದಲ್ಲಿ ಸಾಧನೆಯೊಂದೇ ಅಳತೆಗೋಲು, ದೊಡ್ಡ ಕಲಾವಿದರಿಗೆ ಯಾವ ತಡೆಯೂ ಇಲ್ಲ ಎಂಬ ಆಶ್ವಾಸನೆ ಸರಕಾರದ ಕಡೆಯಿಂದ ಸಿಕ್ಕಿತ್ತು. ಯಾರಾದರೂ ಮುಂದಾಗಿ ಈ ಗೋಡೆಯನ್ನು ಒಡೆಯಬೇಕಲ್ಲ ಎಂಬುದು ಫುರ್ಟ್‌ವೆಂಗ್ಲರ್ ಅವರ ವಾದ.

ಹೂಬರ್‌ಮನ್ ಆಗಸ್ಟ್ ಕೊನೆಯಲ್ಲಿ ಉತ್ತರ ಬರೆದರು. ಹೋಗುವುದಿಲ್ಲ ಎಂದರು. ಅದೇನೂ ಸಿಟ್ಟಿನ ಪತ್ರವಲ್ಲ. ಯಹೂದಿ ಕಲಾವಿದರ ಪರವಾಗಿ ಸಚಿವ ಗೋಬೆಲ್ಸ್‌ಗೆ ಬಹಿರಂಗವಾಗಿ ಬರೆದಿದ್ದ ಫುರ್ಟ್‌ವೆಂಗ್ಲರ್ ಅವರ ಧೈರ್ಯವನ್ನು ಅದು ಮೊದಲು ಮೆಚ್ಚುತ್ತದೆ. ಆಮೇಲೆ ಆ ಆಶ್ವಾಸನೆಯನ್ನು ಕೈಗೆತ್ತಿಕೊಂಡು ಬಿಡಿಸುತ್ತದೆ. ಸಂಗೀತದಲ್ಲಿ ಮಾತ್ರ ಯೋಗ್ಯತೆ ನೋಡುತ್ತೇವೆ ಎಂದು ಸಾರುವ ಅಗತ್ಯ ಏಕೆ ಬಂತು? ಉಳಿದ ಎಲ್ಲ ಕಡೆ ಜನಾಂಗ ನೋಡುತ್ತೇವೆ ಎಂಬ ಉದ್ದೇಶ ಇರುವುದರಿಂದ ತಾನೆ? ಇದು ಪಿಟೀಲು ಕಚೇರಿಯ ಪ್ರಶ್ನೆಯಲ್ಲ, ಬರೀ ಯಹೂದಿಗಳ ಪ್ರಶ್ನೆಯೂ ಅಲ್ಲ. ಮನುಷ್ಯ ತನ್ನ ಹುಟ್ಟಿನ ಸಂಕೋಲೆಯಿಲ್ಲದೆ ಸ್ವತಂತ್ರನಾಗಿ, ತನ್ನ ಕೆಲಸಕ್ಕೆ ತಾನೇ ಹೊಣೆಯಾಗಿ ಬಾಳಬಹುದೇ ಎಂಬ ಮೂಲ ಪ್ರಶ್ನೆ. ಪತ್ರದ ತಿರುಳು ಇಷ್ಟು. ಅದು ಹಲವು ದೇಶಗಳ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ತನಗೆ ಸಿಕ್ಕ ವಿನಾಯಿತಿಯೇ ಅನ್ಯಾಯದ ಸಾಕ್ಷಿ ಎಂದು ಗುರುತಿಸುವುದು ಸುಲಭದ ಮಾತಲ್ಲ. ಪ್ರಭುತ್ವಗಳು ಒಂದು ಸಮುದಾಯವನ್ನು ತುಳಿಯುವಾಗ ಅದೇ ಸಮುದಾಯದ ನಾಲ್ಕು ಪ್ರಸಿದ್ಧರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತವೆ. ಶಾಲು ಹೊದ್ದವರಿಗೆ ತಮ್ಮ ಪ್ರತಿಭೆ ಗೆದ್ದಿತು ಅನಿಸುತ್ತದೆ. ತಮ್ಮ ಚಿತ್ರ ಯಾವ ಚಿತ್ರವನ್ನು ಮುಚ್ಚಲು ಬಳಕೆಯಾಗುತ್ತಿದೆ ಎಂಬುದು ಹೊಳೆಯುವುದಿಲ್ಲ. ಹೂಬರ್‌ಮನ್ ಅವರಿಗೆ ಹೊಳೆಯಿತು. ಆದ್ದರಿಂದಲೇ ಈ ಕಲಾವಿದರ ಬದುಕನ್ನು ಇವತ್ತೂ ಓದಬೇಕು. ಆದರೆ ಪೂರ್ತಿ ಓದಬೇಕು. ಈ ಬದುಕಿನಲ್ಲಿ ಬರ್ಲಿನ್ ಇರುವಂತೆಯೇ ಯಾಫಾ ಕೂಡ ಇದೆ.

*

ಹೂಬರ್‌ಮನ್ ಹುಟ್ಟಿದ್ದು 1882ರ ಡಿಸೆಂಬರ್ 19ರಂದು, ಚೆಂಸ್ಟೊಹೋವಾ ಎಂಬ ಊರಿನಲ್ಲಿ. ಪೋಲೆಂಡ್ ಎಂಬ ದೇಶ ಆಗ ನಕಾಶೆಯಲ್ಲಿ ಇರಲಿಲ್ಲ. ಅದನ್ನು ನೆರೆಯ ಮೂರು ಸಾಮ್ರಾಜ್ಯಗಳು ಹಂಚಿಕೊಂಡಿದ್ದವು; ಚೆಂಸ್ಟೊಹೋವಾ ರಷ್ಯದ ಝಾರನ ಪಾಲಿಗೆ ಬಂದಿತ್ತು. ಅದು ಕೆಥೊಲಿಕ್ ಪೋಲರ ಅತಿ ದೊಡ್ಡ ಯಾತ್ರಾಸ್ಥಳ. ಆ ಊರಿನ ಯಹೂದಿ ಮನೆಯ ಹುಡುಗ ವಾರ್ಸಾದಲ್ಲಿ ಪಿಟೀಲಿನ ಪಾಠ ಕಲಿತು, ಹತ್ತನೆಯ ವಯಸ್ಸಿಗೆ ಬರ್ಲಿನ್ನಿನ ಯೋಸೆಫ್ ಯೋವಾಖಿಮ್ ಎದುರು ನಿಂತ. ಯೋವಾಖಿಮ್ ಆ ಕಾಲದ ಪಿಟೀಲಿನ ಗುರುಗಳ ಗುರು. ಹುಡುಗನ ಕೈ ನೋಡಿ ಅವರು ಬೆರಗಾದರು. ಆದರೆ ಆ ಶಾಲೆಯ ಶಿಸ್ತಿನಲ್ಲಿ ಹುಡುಗ ಬಹಳ ಕಾಲ ನಿಲ್ಲಲಿಲ್ಲ. ಹನ್ನೆರಡು ತುಂಬುವ ಹೊತ್ತಿಗೆ ಅವನ ಪಾಲಿಗೆ ಗುರುಕುಲ ಮುಗಿದು ಊರೂರು ತಿರುಗುವ ಕಚೇರಿ ಬದುಕು ಶುರುವಾಗಿತ್ತು. ಬಾಲಪ್ರತಿಭೆಗಳ ಮನೆಗಳಲ್ಲಿ ಆಗುವಂತೆ ಇಲ್ಲೂ ಮನೆಮಂದಿಯ ಹೊಟ್ಟೆಪಾಡು ಮಗುವಿನ ಕಮಾನಿನ ಮೇಲೆ ನಿಂತಿತು.

ಆ ದಿನಗಳ ಪ್ರಖ್ಯಾತ ಗಾಯಕಿ ಅಡೆಲಿನಾ ಪ್ಯಾಟಿ 1894ರಲ್ಲಿ ಲಂಡನ್ನಿನ ತಮ್ಮ ಕಚೇರಿಗೆ ಈ ಹುಡುಗನನ್ನು ಕರೆಸಿಕೊಂಡರು. ಮುಂದಿನ ವರ್ಷದ ಆರಂಭದಲ್ಲಿ ವಿಯೆನ್ನಾದಲ್ಲಿ ಪ್ಯಾಟಿಯ ವಿದಾಯ ಕಚೇರಿ ನಡೆದಾಗ ಜನ ವಿದಾಯ ಹೇಳುವವರನ್ನು ಬಿಟ್ಟು ಹುಡುಗನನ್ನು ಮಾತಾಡಿದರು. 1896ರ ಜನವರಿಯಲ್ಲಿ, ಹದಿಮೂರರ ವಯಸ್ಸಿನಲ್ಲಿ, ಅದೇ ವಿಯೆನ್ನಾದಲ್ಲಿ ಅವನು ಬ್ರಾಮ್ಸ್ ರಚಿಸಿದ ಪಿಟೀಲು ಕನ್ಸರ್ಟೊ ನುಡಿಸಿದ. ಸಭೆಯಲ್ಲಿ ಸ್ವತಃ ಬ್ರಾಮ್ಸ್ ಕೂತಿದ್ದರು. ಬ್ರಾಮ್ಸ್ ಜೀವನ ಚರಿತ್ರೆ ಬರೆದ ಮ್ಯಾಕ್ಸ್ ಕಾಲ್ಬೆಕ್ ಪ್ರಕಾರ, ಮುದುಕರ ಕಣ್ಣು ಒದ್ದೆಯಾಗಿತ್ತು. ಕೆಡೆಂಝಾ ಎಂಬ ಒಂಟಿ ವಾದನದ ಭಾಗ ಮುಗಿದ ಕೂಡಲೇ ಚಪ್ಪಾಳೆ ಬಿದ್ದು ಮುಂದಿನ ಸ್ವರಗಳು ಮುಳುಗಿದವೆಂದು ಹುಡುಗ ಮುನಿಸಿಕೊಂಡನಂತೆ. ಅಷ್ಟು ಚೆನ್ನಾಗಿ ನುಡಿಸಿದ್ದು ನಿನ್ನದೇ ತಪ್ಪು ಎಂದು ಬ್ರಾಮ್ಸ್ ಸಮಾಧಾನ ಹೇಳಿದರಂತೆ.

ನಮ್ಮ ಕಚೇರಿಗಳಲ್ಲಿ ಪಿಟೀಲು ಹೆಚ್ಚಾಗಿ ಹಾಡುವವರ ಬೆನ್ನಿಗೆ ನಿಲ್ಲುವ ಪಕ್ಕವಾದ್ಯ. ಯುರೋಪಿನ ಕನ್ಸರ್ಟೊದಲ್ಲಿ ಅದು ಐವತ್ತು ಅರವತ್ತು ವಾದ್ಯಗಳ ಎದುರು ಒಂಟಿಯಾಗಿ ನಿಲ್ಲುತ್ತದೆ. ಒಮ್ಮೆ ಅವುಗಳೊಂದಿಗೆ ಮಾತಾಡುತ್ತದೆ, ಒಮ್ಮೆ ಜಗಳವಾಡುತ್ತದೆ. ಗುಂಪಿನ ಎದುರು ಒಂಟಿ ದನಿ ಎಂಬುದು ಈ ಪ್ರಕಾರದ ಜೀವಾಳ. ಹೂಬರ್‌ಮನ್ ಅವರ ಬದುಕೂ ಹೀಗೇ ಇತ್ತೆಂದು ಬರೆಯುವುದು ಸುಲಭ, ಅತಿಯಾದ ಮಾತೂ ಆದೀತು. ಅವರ ಧ್ವನಿಮುದ್ರಿಕೆಗಳನ್ನು ಕೇಳಿದ ಮೇಲೆ ಮಾತ್ರ ಅದನ್ನು ಪೂರಾ ತಳ್ಳಿಹಾಕುವುದೂ ಕಷ್ಟ.

*

ಅವರ ವಾದನದ ಬಗ್ಗೆ ಆಗಲೇ ಎರಡು ಅಭಿಪ್ರಾಯಗಳಿದ್ದವು. ಪಿಟೀಲು ಬೋಧನೆಯ ದೊಡ್ಡ ವಿದ್ವಾಂಸ ಕಾರ್ಲ್ ಫ್ಲೆಶ್ ತಮ್ಮ ನೆನಪುಗಳ ಪುಸ್ತಕದಲ್ಲಿ ಹೂಬರ್‌ಮನ್ ಅವರನ್ನು ಕಟುವಾಗಿ ವಿಮರ್ಶಿಸಿದ್ದಾರೆ. ಶಾಸ್ತ್ರದ ತಕ್ಕಡಿಯಲ್ಲಿ ತೂಗಿದರೆ ಆಕ್ಷೇಪಗಳಿಗೆ ಎಡೆ ಇದೆ. ಕಮಾನು ತಂತಿಯನ್ನು ಕೆಲವೊಮ್ಮೆ ಕೆರೆಯುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ರೀತಿ ಇಂದಿನ ಕಿವಿಗೆ ಹಳೆಯದೆನಿಸುತ್ತದೆ. ಯಾಷಾ ಹೈಫೆಟ್ಸ್ ಅವರ ಪಿಟೀಲಿನಲ್ಲಿ ಕೇಳುವ ನುಣುಪು ಇಲ್ಲಿಲ್ಲ. ಇಪ್ಪತ್ತನೆಯ ಶತಮಾನದ ಪಿಟೀಲಿಗೆ ಹೈಫೆಟ್ಸ್ ಮಾದರಿಯೇ ಗಟ್ಟಿಯಾದಾಗ ಹೂಬರ್‌ಮನ್ ಹಿಂದಿನ ಸಾಲಿಗೆ ಸರಿದದ್ದು ಆಶ್ಚರ್ಯವಲ್ಲ.

ಆದರೆ ಮೂರು ಮುದ್ರಿಕೆಗಳನ್ನು ಕೇಳಿ ನೋಡಬೇಕು. ಒಂದು, 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಮುದ್ರಿಸಿದ ಚೈಕೋವ್‌ಸ್ಕಿ ಕನ್ಸರ್ಟೊ. ಇನ್ನೊಂದು, 1930ರಲ್ಲಿ ಪಿಯಾನೊ ವಾದಕ ಇಗ್ನಾಝ್ ಫ್ರೀಡ್‌ಮನ್ ಅವರೊಂದಿಗೆ ನುಡಿಸಿದ ಬೆಥೋವನ್‌ನ 'ಕ್ರಾಯ್ಟ್ಸರ್' ಸೊನಾಟಾ. ಮತ್ತೊಂದು, 1934ರಲ್ಲಿ ಜಾರ್ಜ್ ಸೆಲ್ ನಿರ್ದೇಶನದಲ್ಲಿ ವಿಯೆನ್ನಾ ಫಿಲ್‌ಹಾರ್ಮೊನಿಕ್ ಜೊತೆ ನುಡಿಸಿದ ಬೆಥೋವನ್ ಕನ್ಸರ್ಟೊ. 'ಕ್ರಾಯ್ಟ್ಸರ್' ಪಿಟೀಲಿನ ಒಂಟಿ ಸ್ವರಮೇಳದಿಂದ ಮೆಲ್ಲಗೆ ಶುರುವಾಗುತ್ತದೆ. ಬಹುತೇಕ ವಾದಕರು ಅದನ್ನು ಗಂಭೀರವಾದ ಬಾಗಿಲಿನಂತೆ ತೆರೆಯುತ್ತಾರೆ. ಹೂಬರ್‌ಮನ್ ನುಡಿಸುವಾಗ ಅದು ಯಾರೋ ಉತ್ತರಕ್ಕಾಗಿ ಕಾಯುತ್ತಾ ಕೇಳಿದ ಪ್ರಶ್ನೆಯಂತಿದೆ. ವೇಗದ ಭಾಗ ಬಂದಾಗ ಇಬ್ಬರೂ ಎಚ್ಚರ ಬಿಟ್ಟು ಓಡುತ್ತಾರೆ. ಅಂದವಾಗಿ ಕೇಳಿಸಬೇಕೆಂಬ ಹಂಗು ಯಾರಿಗೂ ಇಲ್ಲ. ಬೆಥೋವನ್ ಕನ್ಸರ್ಟೊದಲ್ಲಿ ಇದಕ್ಕೆ ತದ್ವಿರುದ್ಧ. ನಗಾರಿಯ ಮೆಲುಬಡಿತದಿಂದ ಆರಂಭವಾಗುವ ಆ ಕೃತಿಯಲ್ಲಿ ಪಿಟೀಲು ಬಹಳ ಹೊತ್ತು ಕಾದು ಆಮೇಲೆ ಪ್ರವೇಶಿಸುತ್ತದೆ. ಹೂಬರ್‌ಮನ್ ಅಲ್ಲಿ ಬೆಳಕಿನಷ್ಟು ಹಗುರ. ಕಂಪನ ಕಡಿಮೆ ಮಾಡಿ, ಸ್ವರವನ್ನು ಬರಿದಾಗಿ ಬಿಡುತ್ತಾರೆ.

ಅವರ ವಾದನದಲ್ಲಿ ಹೊಳಪು ಕೊಡುವ ಕೆಲಸ ಇಲ್ಲ. ಪ್ರತಿ ಸ್ವರಕ್ಕೂ ಒಂದು ಅರ್ಥ ಇರಬೇಕು, ಅರ್ಥ ಒರಟಾದರೆ ಸ್ವರವೂ ಒರಟಾಗಲಿ ಎಂಬ ಹಟ ಇದೆ. ಇದು ಎಲ್ಲ ಕಡೆ ಗೆಲ್ಲುವುದಿಲ್ಲ. ಚೈಕೋವ್‌ಸ್ಕಿಯ ಕೆಲವು ಕಡೆ ಭಾವ ಮಿತಿಮೀರಿ ರಾಗದ ನಡಿಗೆ ತಪ್ಪುತ್ತದೆ. ಆದರೆ ಇವರು ಕೇಳುಗರನ್ನು ಒಲಿಸಿಕೊಳ್ಳಲು ನುಡಿಸುತ್ತಿಲ್ಲ ಎಂಬುದು ಕ್ಷಣಕ್ಷಣಕ್ಕೂ ತಿಳಿಯುತ್ತದೆ. ಫುರ್ಟ್‌ವೆಂಗ್ಲರ್ ಅವರಿಗೆ ಬರೆದ ಪತ್ರದ ಗದ್ಯದಲ್ಲೂ ಇದೇ ಗುಣ ಇದೆ. ಸೌಜನ್ಯ ಇದೆ, ಒಲಿಸುವ ಮಾತಿಲ್ಲ.

*

ಮೊದಲ ಮಹಾಯುದ್ಧ ಹೂಬರ್‌ಮನ್ ಅವರನ್ನು ಬದಲಿಸಿತು. ಕಚೇರಿಗಳನ್ನು ಕಡಿಮೆ ಮಾಡಿ ಪ್ಯಾರಿಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಸಮಾಜ ವಿಜ್ಞಾನ ಓದಿದರು. ಅಮೆರಿಕದ ಪ್ರವಾಸದಲ್ಲಿ ಕಂಡ ಒಂದು ವಿಷಯ ಅವರ ತಲೆಯಲ್ಲಿ ಕೂತಿತ್ತು. ಅಷ್ಟು ದೊಡ್ಡ ಭೂಭಾಗದಲ್ಲಿ ಸುಂಕದ ಕಟ್ಟೆಗಳಿಲ್ಲ, ಜನ ಉಂಡುಟ್ಟು ನೆಮ್ಮದಿಯಾಗಿದ್ದಾರೆ. ಯುರೋಪು ಮಾತ್ರ ತುಂಡುತುಂಡಾಗಿ ಒಬ್ಬರನ್ನೊಬ್ಬರು ಕೊಲ್ಲುತ್ತಿದೆ. ಕೌಂಟ್ ಕೂಡೆನ್‌ಹೋವ್-ಕಲೆರ್ಗಿ ಕಟ್ಟಿದ 'ಪಾನ್‌ಯುರೋಪ್' ಚಳವಳಿಗೆ ಅವರು ದನಿಗೂಡಿಸಿದರು. 1925ರಲ್ಲಿ ತಾವು ಆ ವಿಚಾರಕ್ಕೆ ಬಂದ ದಾರಿಯನ್ನು ವಿವರಿಸುವ ಪುಸ್ತಕ ಬರೆದರು. 1932ರಲ್ಲಿ 'ತಾಯ್ನಾಡು ಯುರೋಪ್' ಎಂಬ ಅರ್ಥದ ಹೆಸರಿನ ಇನ್ನೊಂದನ್ನು ಪ್ರಕಟಿಸಿದರು. ಪಿಟೀಲು ನುಡಿಸುವವರು ರಾಜಕೀಯ ಪುಸ್ತಕ ಬರೆಯುವುದು ಅಂದೂ ಅಪರೂಪವೇ.

ಇಲ್ಲಿ ಒಂದು ಮಾತು ಗಮನಿಸಬೇಕು. ಕೂಡೆನ್‌ಹೋವ್-ಕಲೆರ್ಗಿ 1923ರಲ್ಲಿ ಮುಂದಿಟ್ಟ ಪಾನ್‌ಯುರೋಪಿನ ನಕಾಶೆಯಲ್ಲಿ ಯುರೋಪಿನ ದೇಶಗಳಷ್ಟೇ ಇರಲಿಲ್ಲ. ಅವುಗಳ ಆಫ್ರಿಕಾ ವಸಾಹತುಗಳೂ ಇದ್ದವು. ಒಂದಾದ ಯುರೋಪಿಗೆ ಕಚ್ಚಾ ಸಾಮಗ್ರಿ ಅಲ್ಲಿಂದ ಬರಬೇಕಿತ್ತು. ಯುರೋಪಿನ ಒಳಗೆ ಗಡಿಗಳು ಅಳಿಯಬೇಕು, ಹೊರಗಿನವರ ನೆಲ ಮಾತ್ರ ಜಂಟಿ ಸೊತ್ತಾಗಿ ಉಳಿಯಬೇಕು. ಆ ಕಾಲದ ಒಳ್ಳೆಯ ಮನಸ್ಸಿನ, ಶಾಂತಿಪ್ರಿಯ ಯುರೋಪಿನವರಿಗೂ ಇದರಲ್ಲಿ ವಿಚಿತ್ರ ಕಾಣಲಿಲ್ಲ. ವಸಾಹತಿನ ಜನ ಅವರ ಮಾನವೀಯತೆಯ ಲೆಕ್ಕದ ಪುಸ್ತಕದಲ್ಲಿ ಇನ್ನೂ ನಮೂದಾಗಿರಲಿಲ್ಲ. ಹೂಬರ್‌ಮನ್ ಅವರ ಮುಂದಿನ ಕತೆಯಲ್ಲಿ ಬರುವ ಕುರುಡಿನ ಬೇರು ಇಲ್ಲಿರಬಹುದು ಎಂದು ನನ್ನ ಅನಿಸಿಕೆ.

*

1936 ಅವರ ಬದುಕಿನ ನಡುಗಂಬದಂತಹ ವರ್ಷ. ಫೆಬ್ರವರಿ 28ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರು ತಮ್ಮ ಎರಡು ಪಿಟೀಲುಗಳಲ್ಲಿ ಗ್ವಾರ್ನೇರಿಯನ್ನು ನುಡಿಸುತ್ತಿದ್ದಾಗ, ಒಳಕೋಣೆಯಲ್ಲಿದ್ದ ಇನ್ನೊಂದನ್ನು, 1713ರಲ್ಲಿ ಸ್ಟ್ರಾಡಿವಾರಿ ತಯಾರಿಸಿದ 'ಗಿಬ್ಸನ್' ಪಿಟೀಲನ್ನು, ಕಳ್ಳನೊಬ್ಬ ಎತ್ತಿಕೊಂಡು ಹೋದ. 1919ರಲ್ಲಿ ವಿಯೆನ್ನಾದ ಹೋಟೆಲಿನಲ್ಲೂ ಅದು ಕಳುವಾಗಿ ಕೆಲವೇ ದಿನಗಳಲ್ಲಿ ಸಿಕ್ಕಿತ್ತು. ಈ ಸಲ ಸಿಗಲಿಲ್ಲ. ಐವತ್ತು ವರ್ಷ ಅದು ಒಬ್ಬ ಸಾಧಾರಣ ಹೋಟೆಲ್ ವಾದಕನ ಕೈಯಲ್ಲಿತ್ತು. 1985ರಲ್ಲಿ ಸಾಯುವ ಮುನ್ನ ಅವನು ಹೆಂಡತಿಗೆ ನಿಜ ಹೇಳಿದ. 2001ರಿಂದ ಅದು ಅಮೆರಿಕದ ಪಿಟೀಲು ವಾದಕ ಜೋಶುವಾ ಬೆಲ್ ಅವರಲ್ಲಿದೆ.

ಪಿಟೀಲು ಕಳೆದ ಕೆಲವೇ ದಿನಗಳಲ್ಲಿ, ಮಾರ್ಚ್ ತಿಂಗಳಲ್ಲಿ, ಇಂಗ್ಲೆಂಡಿನ 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯಲ್ಲಿ ಹೂಬರ್‌ಮನ್ ಅವರ ಎರಡನೆಯ ಪತ್ರ ಬಂತು. ಜರ್ಮನಿಯ ಬುದ್ಧಿಜೀವಿಗಳಿಗೆ ಬರೆದ ಬಹಿರಂಗ ಪತ್ರ ಅದು. ಈ ಹೊತ್ತಿಗೆ ನ್ಯೂರೆಂಬರ್ಗ್ ಕಾನೂನುಗಳು ಬಂದಿದ್ದವು; ಯಹೂದಿಗಳ ಪೌರತ್ವ ಹೋಗಿತ್ತು, ಯಹೂದಿಯನ್ನು ಮದುವೆಯಾಗುವುದು ಅಪರಾಧವಾಗಿತ್ತು. 1933ರ ಪತ್ರದಲ್ಲಿದ್ದ ಸೌಜನ್ಯ ಇಲ್ಲಿಲ್ಲ. ಅವರು ನಾಝಿಗಳನ್ನು ಬೈಯುವುದಿಲ್ಲ. ನಾಝಿಗಳಲ್ಲದವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ನಿಜವಾದ ಅಪರಾಧಿಗಳು ನೀವು. ಇದು ತಪ್ಪೆಂದು ಗೊತ್ತಿದ್ದೂ ನಿಮ್ಮ ಕುರ್ಚಿ, ನಿಮ್ಮ ಕಚೇರಿ, ನಿಮ್ಮ ಪುಸ್ತಕಗಳ ಜೊತೆ ತೆಪ್ಪಗೆ ಕೂತವರು ಎಂಬುದು ಆಪಾದನೆಯ ಸಾರ.

ಗುಂಪುಹತ್ಯೆಗಳ ಸುದ್ದಿ ಓದಿ ಪತ್ರಿಕೆ ಮಡಚಿಟ್ಟು ಚಹಾ ಕುಡಿಯುವ ಯಾರೇ ಆಗಲಿ, ಈ ಪತ್ರ ತಮ್ಮ ವಿಳಾಸಕ್ಕೂ ಬಂದಿದೆ ಎಂದು ಭಾವಿಸುವುದು ಒಳ್ಳೆಯದು. ಫ್ಯಾಸಿಸಂ ಬೂಟುಗಾಲಿನವರಿಂದ ಮಾತ್ರ ನಿಲ್ಲುವುದಿಲ್ಲ, ಬೂಟು ಹಾಕದ ಸಭ್ಯರ ಮೌನವೂ ಅದಕ್ಕೆ ಬೇಕು. ಇದನ್ನು ಹೇಳಿದವರು ಹೂಬರ್‌ಮನ್ ಒಬ್ಬರೇ ಅಲ್ಲ. ಜರ್ಮನಿಯವರೇ ಆದ, ಯಹೂದಿಯಲ್ಲದ ಪಿಟೀಲು ವಾದಕ ಅಡಾಲ್ಫ್ ಬುಶ್ 1933ರಲ್ಲೇ ತಾಯ್ನಾಡಿನ ಕಚೇರಿಗಳನ್ನು ಬಿಟ್ಟುಕೊಟ್ಟರು. ಸ್ಪೇನಿನ ಪಾಬ್ಲೊ ಕಸಾಲ್ಸ್ ಜರ್ಮನಿಗೆ ಹೋಗಲಿಲ್ಲ. ಇಟಲಿಯ ಆರ್ತುರೊ ಟೊಸ್ಕನಿನಿ 1931ರಲ್ಲಿ ಫ್ಯಾಸಿಸ್ಟರ ಗೀತೆ ನುಡಿಸಲು ಒಪ್ಪದೆ ಬೊಲೊನ್ಯಾದಲ್ಲಿ ಏಟು ತಿಂದಿದ್ದರು. ಫುರ್ಟ್‌ವೆಂಗ್ಲರ್ ಜರ್ಮನಿಯಲ್ಲೇ ಉಳಿದರು. ಹಲವು ಯಹೂದಿಗಳಿಗೆ ಗುಟ್ಟಾಗಿ ನೆರವಾದದ್ದೂ ನಿಜ, ಅವರ ಕಚೇರಿಗಳು ಆ ಪ್ರಭುತ್ವಕ್ಕೆ ಮೆರುಗು ಕೊಟ್ಟದ್ದೂ ನಿಜ.

*

ಹೂಬರ್‌ಮನ್ 'ಇಲ್ಲ' ಎಂದು ಹೇಳಿ ಸುಮ್ಮನಾಗಲಿಲ್ಲ. ಕೆಲಸ ಕಳೆದುಕೊಂಡ ವಾದಕರಿಗೆ ಬದುಕು ಬೇಕಿತ್ತು. 1929ರಲ್ಲಿ ಫೆಲೆಸ್ತೀನಿಗೆ ಕಚೇರಿಗೆ ಹೋಗಿದ್ದ ಅವರು ಅಲ್ಲಿ ನೆಲೆಸಿದ್ದ ಯಹೂದಿ ಕೇಳುಗರ ಹಸಿವು ಕಂಡು ಬೆರಗಾಗಿದ್ದರು. ಅಲ್ಲೊಂದು ವಾದ್ಯವೃಂದ ಕಟ್ಟಲು ಹೊರಟರು. ಜರ್ಮನಿ, ಪೋಲೆಂಡ್, ಆಸ್ಟ್ರಿಯಾ, ಹಂಗೇರಿಗಳಲ್ಲಿ ವಾದಕರನ್ನು ಪರೀಕ್ಷಿಸಿ ಆರಿಸಿದರು. ಹಣಕ್ಕಾಗಿ ಅಮೆರಿಕ ಸುತ್ತಿದರು. ಆಲ್ಬರ್ಟ್ ಐನ್‌ಸ್ಟೀನ್ ಅವರ ಬೆಂಬಲಕ್ಕೆ ನಿಂತರು. ಆ ನೆಲ ಬ್ರಿಟಿಷರ ಆಡಳಿತದಲ್ಲಿದ್ದುದರಿಂದ ಒಬ್ಬೊಬ್ಬ ವಾದಕರಿಗೂ ವಲಸೆಯ ಪರವಾನಗಿ ಬೇಕಿತ್ತು. ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಫ್ರಾಂಕ್‌ಫರ್ಟ್ ಒಪೆರಾದಿಂದ 1933ರಲ್ಲಿ ವಜಾಗೊಂಡಿದ್ದ ವಿಲಿಯಂ ಸ್ಟೈನ್‌ಬರ್ಗ್ ವಾದಕರನ್ನು ಪಳಗಿಸಿದರು. ಹೂಬರ್‌ಮನ್ ಅವರ ಚೈಕೋವ್‌ಸ್ಕಿ ಮುದ್ರಿಕೆಯನ್ನು ನಿರ್ದೇಶಿಸಿದವರು ಇವರೇ.

1936ರ ಡಿಸೆಂಬರ್ 26ರಂದು ತೆಲ್ ಅವೀವ್‌ನಲ್ಲಿ ಎಪ್ಪತ್ತರಷ್ಟು ವಾದಕರ 'ಫೆಲೆಸ್ತೀನ್ ವಾದ್ಯವೃಂದ'ದ ಮೊದಲ ಕಚೇರಿ ನಡೆಯಿತು. ನಿರ್ದೇಶಿಸಿದ ಟೊಸ್ಕನಿನಿ ಸಂಭಾವನೆ ಪಡೆಯಲಿಲ್ಲ. ರೊಸ್ಸೀನಿ, ಬ್ರಾಮ್ಸ್, ಶೂಬರ್ಟ್, ವೇಬರ್ ಜೊತೆಗೆ ಜರ್ಮನಿ ನಿಷೇಧಿಸಿದ್ದ ಮೆಂಡಲ್‌ಸೋನ್ ಕೃತಿಗಳನ್ನೂ ನುಡಿಸಿದರು. ನಿಷೇಧಕ್ಕೆ ಅದು ತಕ್ಕ ಉತ್ತರವಾಗಿತ್ತು. ಆ ವೃಂದ ಕೆಲವೇ ದಿನಗಳಲ್ಲಿ ಕೈರೋ, ಅಲೆಕ್ಸಾಂಡ್ರಿಯಾಗಳಲ್ಲೂ ನುಡಿಸಿತು. ವಾದಕರು, ಅವರ ಹೆಂಡತಿ ಮಕ್ಕಳು, ತಂದೆತಾಯಿ ಎಲ್ಲ ಸೇರಿ ಸುಮಾರು ಸಾವಿರ ಜೀವ ಇದರಿಂದ ಉಳಿಯಿತೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಉಳಿಯದವರ ಗತಿ ಏನಾಯಿತೆಂದು ತಿಳಿಯಲು ದೂರ ಹೋಗಬೇಕಿಲ್ಲ. ಹೂಬರ್‌ಮನ್ ಹುಟ್ಟಿದ ಚೆಂಸ್ಟೊಹೋವಾದಿಂದಲೇ 1942ರ ಶರತ್ಕಾಲದಲ್ಲಿ ಸುಮಾರು ನಲವತ್ತು ಸಾವಿರ ಯಹೂದಿಗಳನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾದ ವಿಷಾನಿಲದ ಕೋಣೆಗಳಿಗೆ ಕಳಿಸಲಾಯಿತು. ಈ ಸಂಖ್ಯೆಯನ್ನು ಓದಿದ ಮೇಲೂ, ಆ ವಾದಕರು ಅಲ್ಲಿಗೆ ಯಾಕೆ ಬಂದರು ಎಂದು ಕೇಳುವವರಿಗೆ ಹೃದಯ ಇಲ್ಲವೆಂದೇ ಅರ್ಥ. ಅಮೆರಿಕ ವಲಸೆಗೆ ಮಿತಿ ಹಾಕಿತ್ತು. ನಿರಾಶ್ರಿತರ ಬಗ್ಗೆ 1938ರಲ್ಲಿ ಏವಿಯಾನ್‌ನಲ್ಲಿ ಸೇರಿದ ದೇಶಗಳಲ್ಲಿ ಹೆಚ್ಚಿನವು ಸಹಾನುಭೂತಿಯ ಮಾತಾಡಿ ಬಾಗಿಲು ಮುಚ್ಚಿಕೊಂಡವು.

*

ಇನ್ನು ಯಾಫಾ. ತೆಲ್ ಅವೀವ್‌ಗೆ ಅಂಟಿಕೊಂಡಿರುವ ಹಳೆಯ ಅರಬ್ ಬಂದರು ಪಟ್ಟಣ ಅದು. ಅದೇ 1936ರ ಏಪ್ರಿಲ್‌ನಲ್ಲಿ ಫೆಲೆಸ್ತೀನಿನ ಅರಬರು ಸಾರ್ವತ್ರಿಕ ಮುಷ್ಕರ ಹೂಡಿದರು. ಭೂಮಿ ಕೈತಪ್ಪುತ್ತಿತ್ತು, ವಲಸೆ ಏರುತ್ತಿತ್ತು, ತಮ್ಮ ನಾಡಿನ ಭವಿಷ್ಯವನ್ನು ಲಂಡನ್ ತೀರ್ಮಾನಿಸುತ್ತಿತ್ತು. ಅಂಗಡಿ, ಬಂದರು, ಸಾರಿಗೆ ಆರು ತಿಂಗಳು ನಿಂತವು. ಜೂನ್‌ನಲ್ಲಿ ಬ್ರಿಟಿಷ್ ಸೈನ್ಯ ಊರನ್ನು ಸುಧಾರಿಸುವ ನೆಪ ಹೇಳಿ ಹಳೆಯ ಯಾಫಾದ ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಸ್ಫೋಟಿಸಿ ಕೆಡವಿತು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಟೊಸ್ಕನಿನಿ ಕೋಲೆತ್ತಿದ ಆ ಡಿಸೆಂಬರ್ ರಾತ್ರಿಗೆ ಆರು ತಿಂಗಳು ಹಿಂದಿನ ಮಾತಿದು. ಸಭಾಂಗಣದಿಂದ ಆ ಹಾಳುಬಿದ್ದ ಬೀದಿಗಳಿಗೆ ಕೆಲವೇ ಮೈಲಿ.

ಆ ನಾಡಿಗೆ ಸಂಗೀತ, ಸಂಸ್ಕೃತಿ ಯುರೋಪಿನಿಂದ ಹಡಗಿನಲ್ಲಿ ಬಂದಿಳಿಯಿತು ಎಂಬಂತೆ ಎಷ್ಟೋ ಬರಹಗಳು ಬರೆಯುತ್ತವೆ. ಇದು ಸುಳ್ಳು. ಜೆರುಸಲೇಮಿನ ಊದ್ ವಾದಕ ವಾಸಿಫ್ ಜವ್ಹರಿಯ್ಯಾ ಬರೆದಿಟ್ಟ ನೆನಪುಗಳಲ್ಲಿ ಮುಸ್ಲಿಮ್, ಕ್ರೈಸ್ತ, ಯಹೂದಿ ಮನೆಗಳ ಅಂಗಳದಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಹಾಡಿನ ಕೂಟಗಳಿವೆ. ಈಜಿಪ್ಟಿನ ಉಮ್ಮು ಕುಲ್ಸೂಮ್ ಯಾಫಾ, ಹೈಫಾಗಳಿಗೆ ಬಂದು ಹಾಡಿದ್ದರು. 1936ರ ಮಾರ್ಚ್‌ನಲ್ಲಿ ಆರಂಭವಾದ ಫೆಲೆಸ್ತೀನ್ ಬಾನುಲಿಯ ಅರಬಿ ವಿಭಾಗವನ್ನು ನೋಡಿಕೊಂಡವರು ಕವಿ ಇಬ್ರಾಹೀಮ್ ತೂಕಾನ್. ಅಂದರೆ ಒಂದೇ ವರ್ಷ, ಒಂದೇ ನಾಡು, 'ಫೆಲೆಸ್ತೀನ್' ಎಂಬ ಒಂದೇ ಹೆಸರು. ಎರಡು ಸಂಗೀತ ಲೋಕಗಳು. ಒಂದು ಇನ್ನೊಂದನ್ನು ಕೇಳಿಸಿಕೊಳ್ಳಲಿಲ್ಲ.

ಹೂಬರ್‌ಮನ್ ಅವರ ಮೇಲೆ ಹೊರಿಸಬಹುದಾದ ತಕರಾರು ಇದು. ಹುಟ್ಟು ಮನುಷ್ಯನ ಹಕ್ಕನ್ನು ನಿರ್ಧರಿಸಬಾರದು ಎಂದು ಬರ್ಲಿನ್ನಿಗೆ ಬರೆದವರು, ಹುಟ್ಟಿನ ಆಧಾರದಲ್ಲೇ ಬರುವವರನ್ನು ಆರಿಸುತ್ತಿದ್ದ ಒಂದು ಯೋಜನೆಯ ಒಳಗೆ ತಮ್ಮ ವೃಂದವನ್ನು ಕಟ್ಟಿದರು. ಅಲ್ಲಿನ ಮೂಲ ಜನ ಅದರಲ್ಲಿ ವಾದಕರಾಗಿಯೂ ಇರಲಿಲ್ಲ, ಆ ಯೋಜನೆಯ ಕೇಂದ್ರದಲ್ಲಿ ಕೇಳುಗರಾಗಿಯೂ ಇರಲಿಲ್ಲ. ಅವರದು ಕೆಡುಕಿನ ಉದ್ದೇಶ ಎಂದು ನಾನು ಹೇಳುವುದಿಲ್ಲ. ಮನೆ ಹೊತ್ತಿ ಉರಿಯುವಾಗ ಮಕ್ಕಳನ್ನು ಎತ್ತಿಕೊಂಡು ಓಡಿದವರು ಪಕ್ಕದ ಮನೆಯ ಬಾಗಿಲು ತಳ್ಳಿ ಒಳಗೆ ನುಗ್ಗಿದರೆ ಅದನ್ನು ದರೋಡೆ ಎನ್ನಲಾಗದು. ಆದರೆ ಆ ಮನೆಯಲ್ಲಿ ಜನರಿದ್ದಾರೆ ಎಂಬುದನ್ನು ಒಪ್ಪಬೇಕು. ಒಪ್ಪದೆ ಹೋದರೆ, ಮುಂದೆ ಯಾರಾದರೂ ಆ ಜನರನ್ನೇ ಹೊರಗೆ ಹಾಕುವ ದಿನ ಬರುತ್ತದೆ.

ಅಂದಿನವರಿಗೆ ಇದು ಕಾಣುವುದು ಸಾಧ್ಯವೇ ಇರಲಿಲ್ಲ, ನಾವು ಇಂದಿನ ಕಣ್ಣಿನಿಂದ ನೋಡುತ್ತಿದ್ದೇವೆ ಎನ್ನುವವರಿದ್ದಾರೆ. ಅದು ಸರಿಯಲ್ಲ. 1925ರಲ್ಲೇ ಹುಟ್ಟಿದ 'ಬ್ರಿತ್ ಶಾಲೋಮ್' ಎಂಬ ಯಹೂದಿ ಗುಂಪು ಎರಡೂ ಜನಾಂಗಗಳು ಸಮಾನವಾಗಿ ಬಾಳುವ ಒಂದೇ ನಾಡನ್ನು ಬಯಸಿತ್ತು. ಚಿಂತಕ ಮಾರ್ಟಿನ್ ಬೂಬರ್, ಹೀಬ್ರೂ ವಿಶ್ವವಿದ್ಯಾಲಯದ ಮುಖ್ಯಸ್ಥ ಜೂಡಾ ಮ್ಯಾಗ್ನೆಸ್ ಇದೇ ಮಾತನ್ನು ಕೊನೆಯವರೆಗೆ ಹೇಳಿದರು. ನಮ್ಮ ಗಾಂಧೀಜಿ 1938ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಯಹೂದಿಗಳ ನೋವಿಗೆ ಮರುಗಿದರು; ಹಾಗೆಂದು ಅರಬರ ನಾಡನ್ನು ಅವರಿಂದ ಕಿತ್ತುಕೊಳ್ಳುವುದು ನ್ಯಾಯವಲ್ಲ ಎಂದೂ ಬರೆದರು. ಜರ್ಮನಿಯ ಯಹೂದಿಗಳಿಗೆ ಗಾಂಧೀಜಿ ಹೇಳಿದ ಅಹಿಂಸೆಯ ಉಪಾಯ ಬೂಬರ್‌ಗೆ ಒಪ್ಪಿಗೆಯಾಗಲಿಲ್ಲ, ಅದು ಬೇರೆ ಮಾತು. ಎರಡೂ ನೋವುಗಳನ್ನು ಒಂದೇ ಎದೆಯಲ್ಲಿ ಇಟ್ಟುಕೊಳ್ಳಲು ಆ ಕಾಲದಲ್ಲೂ ಜಾಗ ಇತ್ತು.

*

1937ರ ಅಕ್ಟೋಬರ್‌ನಲ್ಲಿ ಸುಮಾತ್ರಾದಲ್ಲಿ ವಿಮಾನ ಅಪಘಾತವಾಗಿ ಹೂಬರ್‌ಮನ್ ಅವರ ಕೈಗೆ ಪೆಟ್ಟಾಯಿತು. ಇನ್ನು ನುಡಿಸಲಾರರು ಎಂದುಕೊಂಡವರಿದ್ದರು. ಬೆರಳುಗಳಿಗೆ ಮತ್ತೆ ಮೊದಲಿನಿಂದ ಪಾಠ ಹೇಳಿ ಅವರು ವೇದಿಕೆಗೆ ಮರಳಿದರು. ಯುದ್ಧದ ವರ್ಷಗಳು ಅಮೆರಿಕದಲ್ಲಿ ಕಳೆದವು. 1944ರಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ಬ್ರಾಮ್ಸ್ ಕನ್ಸರ್ಟೊದ ನೇರ ಮುದ್ರಣ ಉಳಿದಿದೆ. ಹದಿಮೂರರ ವಯಸ್ಸಿನಲ್ಲಿ ಅದನ್ನು ಬ್ರಾಮ್ಸ್ ಎದುರು ನುಡಿಸಿದ್ದ ಹುಡುಗನಿಗೆ ಈಗ ಅರವತ್ತೊಂದು. ಬೆರಳು ಅಲ್ಲಲ್ಲಿ ತಪ್ಪುತ್ತದೆ, ಹಟ ತಪ್ಪಿಲ್ಲ. 1947ರ ಜೂನ್ 16ರಂದು ಅವರು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಆದ್ದರಿಂದ 1948ನ್ನು ಅವರು ನೋಡಲಿಲ್ಲ. ಏಳು ಲಕ್ಷಕ್ಕೂ ಹೆಚ್ಚು ಫೆಲೆಸ್ತೀನಿಯರು ಮನೆ ಕಳೆದುಕೊಂಡ ವರ್ಷ ಅದು. ಯಾಫಾ ಬಹುಪ ಾಲು ಬರಿದಾಯಿತು. ಜವ್ಹರಿಯ್ಯಾ ಜೆರುಸಲೇಮಿನ ಮನೆ ಬಿಟ್ಟರು. ಅದೇ ವರ್ಷ ಫೆಲೆಸ್ತೀನ್ ವಾದ್ಯವೃಂದದ ಹೆಸರಿನಿಂದ 'ಫೆಲೆಸ್ತೀನ್' ಹೋಗಿ 'ಇಸ್ರೇಲ್ ಫಿಲ್‌ಹಾರ್ಮೊನಿಕ್' ಆಯಿತು. 1936ರಲ್ಲೇ ಮುಂಬಯಿಯಲ್ಲಿ ಹುಟ್ಟಿದ ಝುಬಿನ್ ಮೆಹ್ತಾ ಮುಂದೆ 1977ರಿಂದ 2019ರವರೆಗೆ ಅದರ ಸಂಗೀತ ನಿರ್ದೇಶಕರಾಗಿದ್ದರು. ಈ ಸಂಸ್ಥೆಯ ಇತಿಹಾಸದಲ್ಲಿ ಒಂದು ಸಂಗತಿ ಇದೆ. 1938ರ ನವೆಂಬರ್‌ನಲ್ಲಿ ಜರ್ಮನಿಯ ಯಹೂದಿಗಳ ಮೇಲೆ ದಾಳಿ ನಡೆದಾಗ ಈ ವೃಂದ ವಾಗ್ನರ್ ಕೃತಿಯನ್ನು ಕಾರ್ಯಕ್ರಮದಿಂದ ಕೈಬಿಟ್ಟಿತು. ಆ ರೂಢಿ ದಶಕಗಳವರೆಗೆ ನಡೆದು ಬಂತು. ಸಂಗೀತಕ್ಕೂ ಗಾಯಕ್ಕೂ ಸಂಬಂಧವಿದೆ ಎಂದು ಬಲ್ಲವರು ಮಾಡುವ ಕೆಲಸ ಅದು. ಹಾಗಿದ್ದ ಮೇಲೆ ಫೆಲೆಸ್ತೀನಿನ ಪರವಾಗಿ ಯಾವನಾದರೂ ಕಲಾವಿದ 'ನಾನು ಅಲ್ಲಿ ನುಡಿಸುವುದಿಲ್ಲ' ಎಂದರೆ, ಕಲೆ ರಾಜಕೀಯಕ್ಕೆ ಮೀರಿದ್ದು ಎಂದು ಅವನಿಗೆ ಬುದ್ಧಿ ಹೇಳುವುದು ಹೇಗೆ? ಹೂಬರ್‌ಮನ್ ಅವರ 1933ರ ಪತ್ರವೇ ಆ ಬುದ್ಧಿವಾದಕ್ಕೆ ಉತ್ತರ.

ಆ ಪತ್ರದ ನಿಜವಾದ ವಾರಸುದಾರರು ಬೇರೆ ಕಡೆ ಇದ್ದಾರೆ. ಪಿಟೀಲು ವಾದಕ ಯೆಹೂದಿ ಮೆನುಹಿನ್ 1991ರಲ್ಲಿ ಇಸ್ರೇಲಿನ ವುಲ್ಫ್ ಪ್ರಶಸ್ತಿ ಸ್ವೀಕರಿಸುತ್ತಾ, ಅಲ್ಲಿನ ಸಂಸತ್ತಿನಲ್ಲೇ ಫೆಲೆಸ್ತೀನಿಯರ ಮೇಲಿನ ಆಳ್ವಿಕೆಯನ್ನು ಟೀಕಿಸಿದರು. ಎಡ್ವರ್ಡ್ ಸೈದ್ ಮತ್ತು ಡೇನಿಯಲ್ ಬ್ಯಾರನ್‌ಬಾಯ್ಮ್ 1999ರಲ್ಲಿ ಅರಬ್ ಹಾಗೂ ಇಸ್ರೇಲಿ ಯುವಕರನ್ನು ಒಂದೇ ವಾದ್ಯವೃಂದದಲ್ಲಿ ಕೂರಿಸಿದರು. ಹೂಬರ್‌ಮನ್ ಮಾಡದೆ ಬಿಟ್ಟದ್ದನ್ನು ಅರವತ್ತಮೂರು ವರ್ಷ ತಡವಾಗಿ ಮಾಡಲು ಹೊರಟ ಪ್ರಯತ್ನವದು. ಒಂದು ವಾದ್ಯವೃಂದದಿಂದ ಬಾಂಬು ನಿಲ್ಲುವುದಿಲ್ಲ. 2023ರ ಅಕ್ಟೋಬರ್ ನಂತರ ಗಾಝಾದಲ್ಲಿ ಹತ್ತಾರು ಸಾವಿರ ಜನ ಸತ್ತದ್ದನ್ನು ನಾವು ನೋಡಿದ್ದೇವೆ. ಪಕ್ಕದಲ್ಲಿ ಕೂತವರ ಸ್ವರ ಕೇಳಿಸಿಕೊಳ್ಳುವ ಅಭ್ಯಾಸವಾದರೂ ಅಲ್ಲಿ ಆಗುತ್ತದೆ.

ಚೆಂಸ್ಟೊಹೋವಾದ ವಾದ್ಯವೃಂದಕ್ಕೆ ಇಂದು ಹೂಬರ್‌ಮನ್ ಹೆಸರಿದೆ. ತೆಲ್ ಅವೀವ್‌ನ ಸಂಗೀತ ಮಂದಿರದ ಪಕ್ಕದ ಬೀದಿಗೂ ಅವರದೇ ಹೆಸರು. ಈ ಕಲಾವಿದರನ್ನು ಓದುವಾಗ ಫೆಲೆಸ್ತೀನಿನ ನೋವು ಗೊತ್ತಿರುವ ನಮಗೆ ಒಂದು ಆಸೆ ಆಗಬಹುದು: ಅವರ ತಪ್ಪನ್ನು ಹಿಡಿದು ಇಡೀ ಮನುಷ್ಯನನ್ನು ತಳ್ಳಿಹಾಕುವುದು. ಮತ್ತೊಬ್ಬರಿಗೆ ಇದರ ವಿರುದ್ಧದ ಆಸೆ: ಅವರ ಧೈರ್ಯವನ್ನು ಹಿಡಿದು ತಪ್ಪನ್ನು ಮುಚ್ಚಿಡುವುದು. ಮುನಿಸಿದ್ದ ಕಡೆಯೂ ನ್ಯಾಯ ಬಿಡಬಾರದು ಎಂಬುದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕಲಿಸುವ ಪಾಠ. ಆ ಪಾಠದಂತೆ ನಡೆಯುವುದಾದರೆ, ಹೂಬರ್‌ಮನ್ ಅವರನ್ನು ಅಳೆಯಲು ಅವರೇ ಕೊಟ್ಟ ಕೋಲನ್ನು ಬಳಸಬೇಕು. ಸಮುದಾಯವೊಂದರ ಹುಟ್ಟು ಅದರ ಹಕ್ಕನ್ನು ಕಸಿಯಬಾರದು. ಕಸಿಯುವುದನ್ನು ಕಂಡ ತಿಳಿದವರು ಸುಮ್ಮನಿರಬಾರದು. ಬರ್ಲಿನ್ನಿನಲ್ಲಿ ಅವರು ಆ ಅಳತೆಗೆ ಪೂರ್ತಿ ನಿಂತರು. ಯಾಫಾದಲ್ಲಿ ನಿಲ್ಲಲಿಲ್ಲ. ಕೋಲು ಮಾತ್ರ ಸರಿಯಾಗಿಯೇ ಇದೆ. ಅದನ್ನು ಬರ್ಲಿನ್ನಿಗೂ ಗಾಝಾಕ್ಕೂ ಹಿಡಿದ ಮೇಲೆ, ನಮ್ಮೂರಿಗೂ ಹಿಡಿದು ನೋಡುವುದು ಓದುಗರಾದ ನಮ್ಮ ಕೆಲಸ.